ಬಂದರಿಗೂ ಬಲೆ!

ಪ್ರಶ್ನೆ: ಯುದ್ಧಕಾಲದಲ್ಲಿ ಜಲಾಂತರ್ಗಾಮಿಗಳು ನುಸುಳದಂತೆ ಬಂದರಿಗೆ ಬಲೆ ಕಟ್ಟುತ್ತಿದ್ದರಂತೆ. ನಿಜವೇ? ಅದಕ್ಕೆ ಏನಾದರೂ ಸಿಕ್ಕಿದ್ದುಂಟೇ?

ಉತ್ತರ: ನಿಜ, ಸಿಕ್ಕಿದ್ದೂ ಉಂಟು. ಆಸ್ಟ್ರೇಲಿಯಾದ ಸಿಡ್ನಿ ಬಂದರನ್ನೇ ನೋಡಿ. ಉಕ್ಕಿನ ಬಳೆಗಳನ್ನು ಒಂದಕ್ಕೊಂದು ಕೋದು ನೀರಿನೊಳಗೆ ಇಳಿಬಿಟ್ಟ ಪರದೆ ಅಲ್ಲಿನ ಬಲೆ. ಅದಕ್ಕೂ ಹೊರಗೆ, ಸಮುದ್ರತಳದಲ್ಲಿ ಕೇಬಲ್ ಸುತ್ತುಗಳಿದ್ದವು. ಅವುಗಳ ಮೇಲೆ ಉಕ್ಕಿನ ಹಡಗು ಹಾದುಹೋದರೆ ಕಾಂತಕ್ಷೇತ್ರ ತುಸು ಬದಲಾಗಿ ಕೇಬಲ್ಲಿನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ದಡದಲ್ಲಿನ ಯಂತ್ರ ಅದನ್ನು ದಾಖಲಿಸುತ್ತದೆ.

1942ರ ಮೇ 31ರ ರಾತ್ರಿ ಜಪಾನಿನ ಮೂರು ಪುಟ್ಟ ಜಲಾಂತರ್ಗಾಮಿಗಳು ಬಂದವು, ತಲಾ ಇಬ್ಬರು ನಾವಿಕರೊಂದಿಗೆ. ಎಂಟು ಗಂಟೆಯ ಸುಮಾರಿಗೆ ಯಂತ್ರವೇನೋ ಸುಳಿವು ಕೊಟ್ಟಿತ್ತು. ಫೆರಿಗಳ ಓಡಾಟದ ಗದ್ದಲದಲ್ಲಿ ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ! ಕೊನೆಗೆ ಬಲೆಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಗುರುತಿಸಿದ್ದು ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋದ ಒಬ್ಬ ಕಾವಲುಗಾರ. ಬಿಡಿಸಿಕೊಳ್ಳಲಾಗದೆ ಅದರೊಳಗಿದ್ದ ಇಬ್ಬರೂ ತಮ್ಮ ನೌಕೆಯನ್ನು ತಾವೇ ಸ್ಫೋಟಿಸಿಕೊಂಡರು.

ಉಳಿದೆರಡು ಒಳಹೊಕ್ಕವು. ಬಲೆಯ ಕಾಮಗಾರಿಯೇ ಮುಗಿದಿರಲಿಲ್ಲ, ಎರಡೂ ತುದಿಗಳಲ್ಲಿ ಸಂದು ಉಳಿದಿತ್ತು. (ಸರ್ಕಾರಿ ಕೆಲಸ ಎಲ್ಲ ದೇಶದಲ್ಲೂ ಒಂದೇ ತರಹವೇನೋ.) ಒಂದು ಜಲಾಂತರ್ಗಾಮಿ ಅಮೆರಿಕದ ಯುದ್ಧನೌಕೆ 'ಷಿಕಾಗೊ'ಗೆ ಟಾರ್ಪಿಡೊ ಬಿಟ್ಟಿತು. ಗುರಿ ತಪ್ಪಿ, ನಾವಿಕರು ಮಲಗುತ್ತಿದ್ದ ಹಳೆಯ ಫೆರಿ 'ಕುಟ್ಟಬುಲ್' ಅಡಿಯಲ್ಲಿ ಅದು ಸಿಡಿದು 21 ಮಂದಿ ಸತ್ತರು. ಮತ್ತೊಂದನ್ನು ನೀರಿನಾಳದಲ್ಲಿ ಸಿಡಿಯುವ ಬಾಂಬುಗಳಿಂದ ಬಂದರಿನೊಳಗೇ ಮುಳುಗಿಸಿದರು. ಟಾರ್ಪಿಡೊ ಬಿಟ್ಟ ನೌಕೆ ಮಾತ್ರ ತಪ್ಪಿಸಿಕೊಂಡು ಹೊರಬಿತ್ತು. ಅದರ ಅವಶೇಷವನ್ನು 2006ರಲ್ಲಿ ಹವ್ಯಾಸಿ ಮುಳುಗುಗಾರರು ಸಿಡ್ನಿಯ ಉತ್ತರದ ಕಡಲಲ್ಲಿ ಪತ್ತೆಹಚ್ಚಿದರು.