ಕೀ ಕೈಗೇ ಬಂದಾಗ

ಟೈಮ್ ಸರಿಮಾಡಲು ಎಳೆದ ಕೀ ಕಡ್ಡಿ ಸಮೇತ ಕೈಗೇ ಬಂದರೆ ವಾಚಿನ ಕಥೆ ಮುಗಿಯಿತೆಂದುಕೊಳ್ಳುವವರೇ ಹೆಚ್ಚು. ರಿಪೇರಿಯವರಿಗೆ ಅದು ದಿನನಿತ್ಯದ ಕೆಲಸ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿದ ಎಚ್‌ಎಂಟಿಯ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೂ ಜನತಾ, ಪೈಲಟ್ ಮಾದರಿಗಳು ಇಂದಿಗೂ ನಡೆಯುತ್ತಿವೆ. ಅದಕ್ಕೆ ಕಾರಣ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ರಿಪೇರಿಯವರ ಕಸುಬು.

ಕೀಗೆ ತಿರುಪಿನಿಂದ ಕೂಡಿಸಿದ ಉಕ್ಕಿನ ಸಣ್ಣ ಕಡ್ಡಿಯೇ ಸ್ಟೆಮ್. ಅದರ ಮೈಮೇಲೊಂದು ಕಚ್ಚು ಇರುತ್ತದೆ. ಒಳಗಿನ ಸೆಟ್ಟಿಂಗ್ ಲಿವರ್ ಆ ಕಚ್ಚಿನಲ್ಲಿ ಕೂತು ಸ್ಟೆಮ್ ಹೊರಬಾರದಂತೆ ಹಿಡಿದಿರುತ್ತದೆ. ಲಿವರ್ ಅನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಒಂದು ಪುಟ್ಟ ಸ್ಕ್ರೂ. ಅದು ಸಡಿಲವಾದರೆ ಕಚ್ಚಿನ ಹಿಡಿತ ತಪ್ಪುತ್ತದೆ.

ಅನುಭವಿ ರಿಪೇರಿಯವರು ಮುಚ್ಚಳ ತೆಗೆಯುವ ಮೊದಲೇ ಕೀಯನ್ನು ಪರೀಕ್ಷಿಸುತ್ತಾರೆ. ಸ್ಟೆಮ್ ಒಳಗುಳಿದು ಕೀ ಮಾತ್ರ ಕಳಚಿದ್ದರೆ ತಿರುಪು ಸವೆದಿದೆ. ಕೀ ಹೊರಬರದೆ, ಎಳೆದಲ್ಲಿ ನಿಲ್ಲದೆ, ‘ಟಕ್’ ಅನ್ನದೆ ಜಾರಿದರೆ ಲಿವರ್ ಅನ್ನು ಹಿಡಿದಿಡುವ ಸ್ಪ್ರಿಂಗ್ ಮುರಿದಿರಬಹುದು. ಆ ಸ್ಪ್ರಿಂಗ್ ಡಯಲ್‌ನ ಅಡಿಯಲ್ಲಿರುವುದರಿಂದ ಮುಳ್ಳುಗಳನ್ನೂ ಡಯಲನ್ನೂ ಬಿಚ್ಚಬೇಕು. ಸ್ಪ್ರಿಂಗ್ ಡಯಲ್‌ನ ಅಡಿಯಲ್ಲಿರುವುದರಿಂದ ಮುಳ್ಳುಗಳನ್ನೂ ಡಯಲನ್ನೂ ಬಿಚ್ಚಬೇಕು. ಸ್ಟೆಮ್ ಪೂರ್ತಿ ಈಚೆ ಬಂದಿದ್ದರೆ ಮಾತ್ರ ಅನುಮಾನ ನೇರವಾಗಿ ಆ ಸ್ಕ್ರೂ ಮೇಲೆ.

ಹಿಂಬದಿ ಮುಚ್ಚಳ ತೆರೆದರೆ ಸ್ಟೆಮ್‌ನ ಬಳಿಯೇ ಸ್ಕ್ರೂ ಕಾಣುತ್ತದೆ. ಸ್ಟೆಮ್ ಅನ್ನು ಮೆಲ್ಲಗೆ ತಿರುಗಿಸುತ್ತ ಒಳಗೆ ತೂರಿಸಿದರೆ ಅದರ ಚೌಕದ ಭಾಗ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರದ ಚೌಕ ರಂಧ್ರದಲ್ಲಿ ಕೂರುತ್ತದೆ. ಆಮೇಲೆ ಸ್ಕ್ರೂ ಬಿಗಿ. ಇಲ್ಲಿ ಹೊಸಬರು ಎಡವುವುದು ಬಿಗಿಯುವಾಗಲ್ಲ, ಸಡಿಲಿಸುವಾಗ. ಬೇರೆ ರಿಪೇರಿಗೆಂದು ಸ್ಟೆಮ್ ತೆಗೆಯಲು ಸ್ಕ್ರೂವನ್ನು ಒಂದೆರಡು ಸುತ್ತು ತಿರುಗಿಸಿದರೆ ಸಾಕು. ಪೂರ್ತಿ ಬಿಚ್ಚಿದರೆ ಲಿವರ್ ಡಯಲ್ ಕಡೆಗೆ ಬಿದ್ದು, ಐದು ನಿಮಿಷದ ಕೆಲಸಕ್ಕೆ ಮುಳ್ಳು, ಡಯಲ್ ಎಲ್ಲ ಬಿಚ್ಚಬೇಕಾಗುತ್ತದೆ. ಬಿಗಿದ ಸ್ಕ್ರೂ ಮತ್ತೆ ಮತ್ತೆ ಸಡಿಲವಾದರೆ ಅದರ ತಿರುಪೋ ಲಿವರೋ ಸವೆದಿರುತ್ತದೆ, ಹೊಸದನ್ನೇ ಹಾಕಬೇಕು. ಹಲವು ಮಾದರಿಗಳಿಗೆ ಒಂದೇ ಬಗೆಯ ಯಂತ್ರ ಬಳಸಿದ್ದರಿಂದ ಎಚ್‌ಎಂಟಿಗೆ ಇನ್ನೊಂದು ಹಳೆಯ ಎಚ್‌ಎಂಟಿಯ ಬಿಡಿಭಾಗವೂ ಹೊಂದುತ್ತದೆ.

ಕೀ ಕಳಚಿದರೆ ಮನೆಯಲ್ಲಿ ಒತ್ತಿ ಕೂರಿಸಲು ಹೋಗಬೇಡಿ. ಹಾಗೆಯೇ ಬಿಡಲೂ ಬೇಡಿ, ತೆರೆದ ರಂಧ್ರದಿಂದ ಧೂಳು, ಬೆವರು ನುಸುಳಿದರೆ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ವಾಚನ್ನೂ ಕಡ್ಡಿಯನ್ನೂ ಒಂದೇ ಪೊಟ್ಟಣದಲ್ಲಿಟ್ಟು ಬೇಗ ರಿಪೇರಿಯವರಿಗೆ ಕೊಡಿ. ತಂದ ಕಡ್ಡಿ ಚೆನ್ನಾಗಿದ್ದರೆ ಹೊಸದರ ಖರ್ಚೂ ಇರುವುದಿಲ್ಲ.