ಮಧ್ಯ ಅಮೆರಿಕದ ಕಪ್: ಸೋತರೆ ಮನೆಗೆ

ನಿಕರಾಗುವಾ ದೇಶದ ಉತ್ತರಕ್ಕೆ ಎಸ್ತೆಲಿ ಎಂಬ ಪಟ್ಟಣವಿದೆ. ಹೊಗೆಸೊಪ್ಪು ಬೆಳೆದು ಸಿಗಾರ್ ಸುತ್ತುವ ಊರು. ದೇಶಕ್ಕೆ ದೇಶವೇ ಬೇಸ್‌ಬಾಲ್ ಹುಚ್ಚಿನದ್ದು. ಫುಟ್‌ಬಾಲ್‌ಗೆ ಅಲ್ಲಿ ಎರಡನೇ ಪಂಕ್ತಿ. 2024ರ ಫೆಬ್ರುವರಿಯಲ್ಲಿ ಆ ಊರಿನ ರಿಯಲ್ ಎಸ್ತೆಲಿ ಕ್ಲಬ್ಬು, ಮೆಕ್ಸಿಕೊದ ಕ್ಲಬ್ ಅಮೆರಿಕಾವನ್ನು 2-1ರಿಂದ ಸೋಲಿಸಿತು. ಅಮೆರಿಕಾ ಆಗ ಮೆಕ್ಸಿಕೊದ ಹಾಲಿ ಚಾಂಪಿಯನ್. ಅದರ ಒಬ್ಬ ಆಟಗಾರನ ಸಂಬಳದಲ್ಲಿ ಎಸ್ತೆಲಿಯ ಇಡೀ ತಂಡವನ್ನು ಸಾಕಬಹುದೇನೋ. ಮೆಕ್ಸಿಕೊ ನಗರದಲ್ಲಿ ನಡೆದ ಮರುಪಂದ್ಯದಲ್ಲಿ ಅಮೆರಿಕಾ 2-0ರಿಂದ ಗೆದ್ದು ಎಸ್ತೆಲಿಯನ್ನು ಹೊರಗಟ್ಟಿತು, ಆ ಮಾತು ಬೇರೆ. ಆದರೆ ಇಂಥ ಊರಿನ ತಂಡಕ್ಕೆ ಅಂಥ ತಂಡದ ಜೊತೆ ಆಡುವ ಯೋಗ ಬಂದದ್ದು ಹೇಗೆ? ಅದಕ್ಕೆ ಉತ್ತರ, ನಮ್ಮಲ್ಲಿ ಹೆಚ್ಚಿನವರು ಹೆಸರೂ ಕೇಳಿರದ ಒಂದು ಟೂರ್ನಿ: ಕಾನ್‌ಕಕಾಫ್ ಮಧ್ಯ ಅಮೆರಿಕ ಕಪ್.

ಭೂಪಟದಲ್ಲಿ ಮೆಕ್ಸಿಕೊಗೂ ಕೊಲಂಬಿಯಾಗೂ ನಡುವೆ ಸೊಂಟದಂತೆ ಸಣ್ಣಗಾಗುವ ನೆಲವೇ ಮಧ್ಯ ಅಮೆರಿಕ. ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರಿಕಾ, ಪನಾಮಾ ಎಂಬ ಏಳು ದೇಶಗಳು. ಎಲ್ಲ ಸೇರಿ ಐದು ಕೋಟಿ ಚಿಲ್ಲರೆ ಜನ. ಬೆಲೀಜ್ ಬಿಟ್ಟರೆ ಉಳಿದ ಕಡೆ ಆಡಳಿತ ಭಾಷೆ ಸ್ಪ್ಯಾನಿಷ್. ಒಂದೇ ಭಾಷೆ, ಹೆಚ್ಚುಕಡಿಮೆ ಒಂದೇ ಊಟ, ಒಂದೇ ಮಳೆಗಾಲ. ಆದರೂ ಒಬ್ಬರಿಗೊಬ್ಬರು ಬಿಟ್ಟುಕೊಡುವವರಲ್ಲ. ದಾಯಾದಿಗಳ ನಡುವಿನ ಜಿದ್ದಿನ ಮುಂದೆ ಹೊರಗಿನವರ ಜೊತೆಗಿನ ಜಗಳ ಸಪ್ಪೆ ಎಂಬುದು ಯಾವ ದೇಶಕ್ಕೂ ಹೊಸ ಸಂಗತಿಯಲ್ಲ.

ಈ ಜಿದ್ದು ಒಮ್ಮೆ ಗುಂಡಿನ ತನಕ ಹೋಗಿತ್ತು. 1969ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತೆಗಾಗಿ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ಮೂರು ಪಂದ್ಯ ಆಡಿದವು. ತೆಗುಸಿಗಾಲ್ಪಾದಲ್ಲಿ ಹೊಂಡುರಾಸ್ 1-0, ಸಾನ್ ಸಾಲ್ವಡಾರ್‌ನಲ್ಲಿ ಆತಿಥೇಯರು 3-0, ಕೊನೆಗೆ ಮೆಕ್ಸಿಕೊ ನಗರದಲ್ಲಿ ಹೆಚ್ಚುವರಿ ಅವಧಿಯಲ್ಲಿ ಎಲ್ ಸಾಲ್ವಡಾರ್ 3-2. ಜುಲೈ 14ಕ್ಕೆ ಸೇನೆಗಳೇ ಗಡಿಯಲ್ಲಿ ಎದುರುಬದುರಾದವು. ನೂರು ಗಂಟೆಗಳ ಆ ಕಾಳಗವನ್ನು ‘ಫುಟ್‌ಬಾಲ್ ಯುದ್ಧ’ ಎಂದೇ ಜಗತ್ತು ಕರೆಯಿತು. ಪೋಲೆಂಡಿನ ಪತ್ರಕರ್ತ ರಿಷಾರ್ಡ್ ಕಪುಶ್ಚಿನ್ಸ್ಕಿಯ ಪುಸ್ತಕ ಆ ಹೆಸರನ್ನು ಇನ್ನಷ್ಟು ಗಟ್ಟಿ ಮಾಡಿತು. ಚೆಂಡಿನ ಮೇಲೆ ಆ ಪಾಪ ಹೊರಿಸುವುದು ಅನ್ಯಾಯ. ಭೂಮಿಯಿಲ್ಲದೆ ಗಡಿ ದಾಟಿ ಹೊಂಡುರಾಸ್‌ನಲ್ಲಿ ನೆಲೆಸಿದ್ದ ಲಕ್ಷಾಂತರ ಸಾಲ್ವಡಾರ್ ರೈತರನ್ನು ಒಕ್ಕಲೆಬ್ಬಿಸಲು ಹೊರಟಿದ್ದೇ ನಿಜವಾದ ಕಿಡಿ. ಎರಡು ದೇಶಗಳು ಶಾಂತಿ ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ 1980 ಆಗಿತ್ತು.

ಇಂಥ ಕಾಲದಲ್ಲೇ, 1971ರಲ್ಲಿ, ಈ ಪ್ರದೇಶದ ಕ್ಲಬ್ಬುಗಳಿಗಾಗಿ ‘ಕೋಪಾ ಫ್ರಾತೆರ್ನಿದಾದ್’ ಅಂದರೆ ಸೋದರತ್ವದ ಕಪ್ ಶುರುವಾಯಿತು. ಮುಂದೆ ಅದೇ, ಮಧ್ಯ ಅಮೆರಿಕದ ಫುಟ್‌ಬಾಲ್ ಒಕ್ಕೂಟವಾದ ಯುಎನ್‌ಸಿಎಎಫ್ ಹೆಸರಿನಲ್ಲಿ, ಯುಎನ್‌ಸಿಎಎಫ್ ಅಂತರ್ ಕ್ಲಬ್ ಕಪ್ ಆಯಿತು. ಕೋಸ್ಟರಿಕಾದ ಸಪ್ರಿಸ್ಸಾ ಅದನ್ನು ಐದು ಬಾರಿ ಗೆದ್ದಿತು. ದೊಡ್ಡವರದೇ ಕಾರುಬಾರು ಅಂದುಕೊಳ್ಳುವಾಗ 2006ರಲ್ಲಿ ಪುಂತಾರೆನಾಸ್ ಎಂಬ ಬಂದರು ಊರಿನ ತಂಡ ಫೈನಲ್‌ನಲ್ಲಿ ಹೊಂಡುರಾಸ್‌ನ ಒಲಿಂಪಿಯಾವನ್ನು ಮಣಿಸಿಬಿಟ್ಟಿತು. ಮರುವರ್ಷ ಹೊಂಡುರಾಸ್‌ನದೇ ಮೊಟಾಗ್ವಾ, ಸಪ್ರಿಸ್ಸಾವನ್ನು ಸೋಲಿಸಿ ಕಪ್ ಎತ್ತಿತು. ಅಲ್ಲಿಗೆ ಆ ಕಪ್ಪೇ ನಿಂತುಹೋಯಿತು. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಫುಟ್‌ಬಾಲ್ ಒಕ್ಕೂಟವಾದ ಕಾನ್‌ಕಕಾಫ್ 2008ರಲ್ಲಿ ಚಾಂಪಿಯನ್ಸ್ ಲೀಗ್ ತಂದು, ಮಧ್ಯ ಅಮೆರಿಕದ ಕ್ಲಬ್ಬುಗಳಿಗೆ ನೇರ ಪ್ರವೇಶ ಕೊಟ್ಟಿತು. ಸಣ್ಣ ಮೆಟ್ಟಿಲು ಬೇಡ ಎನ್ನಿಸಿತು. ಆಮೇಲೆ ಗೊತ್ತಾಯಿತು, ಆ ಮೆಟ್ಟಿಲೇ ಮುಖ್ಯವಾಗಿತ್ತು ಅಂತ. ಮೆಕ್ಸಿಕೊದ ದುಡ್ಡಿನ ಕ್ಲಬ್ಬುಗಳ ಕೈಲಿ ಪ್ರತಿ ವರ್ಷ ಏಟು ತಿಂದು ವಾಪಸಾಗುವುದರಲ್ಲಿ ಯಾರಿಗೆ ಏನು ಖುಷಿ?

2017ರಲ್ಲಿ ‘ಕಾನ್‌ಕಕಾಫ್ ಲೀಗ್’ ಬಂತು. ಹೆಸರಿಗೆ ಲೀಗ್, ಒಳಗೆಲ್ಲ ಶುದ್ಧ ನಾಕೌಟ್. ಮೊದಲೆರಡು ವರ್ಷ 16 ತಂಡ, ಆಮೇಲೆ 22. ಕೆರಿಬಿಯನ್‌ನ ಕೆಲವು ತಂಡಗಳೂ ಜೊತೆಗಿದ್ದವು. ಪ್ರತಿ ಸುತ್ತಿನಲ್ಲೂ ಎರಡು ಪಂದ್ಯ: ಒಂದು ತವರಲ್ಲಿ, ಒಂದು ಎದುರಾಳಿಯ ಊರಲ್ಲಿ. ಎರಡರ ಗೋಲು ಕೂಡಿಸಿದಾಗ ಯಾರದು ಹೆಚ್ಚೋ ಅವರು ಮುಂದಕ್ಕೆ. ಸಮವಾದರೆ, ಫೈನಲ್‌ಗೆ ಮುಂಚಿನ ಸುತ್ತುಗಳಲ್ಲಿ ಹೊರಗಿನ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಬಲ. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರಲ್ಲ, ಇಲ್ಲಿ ಅದು ಬರೀ ಗಾದೆಯಲ್ಲ, ಟೂರ್ನಿಯ ನಿಯಮ.

ಹೊರಗಿನ ಅಂಗಳ ಅಂದರೆ ಇಲ್ಲಿ ತಮಾಷೆಯ ಮಾತಲ್ಲ. ಗ್ವಾಟೆಮಾಲಾದ ಶೆಲಾಹು ತಂಡದ ತವರು ಕೆತ್ಸಾಲ್ತೆನಾಂಗೊ ಸಮುದ್ರಮಟ್ಟದಿಂದ 2,300 ಮೀಟರ್‌ಗೂ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿ ಫುಟ್‌ಬಾಲ್ ಆಡಿದ ಹಾಗೆ. ಪನಾಮಾದ ಸೆಕೆಯಿಂದ ಬಂದವರಿಗೆ ದ್ವಿತೀಯಾರ್ಧದಲ್ಲಿ ಉಸಿರೇ ಸಿಗುವುದಿಲ್ಲ. ಸಪ್ರಿಸ್ಸಾದ ಮೈದಾನಕ್ಕೆ ‘ಗುಹೆ’ ಎಂಬ ಅಡ್ಡಹೆಸರು. ತಂಡಕ್ಕೆ ‘ನೇರಳೆ ರಾಕ್ಷಸ’ ಎಂದು. ಪ್ರೇಕ್ಷಕರು ಗೆರೆಯ ಪಕ್ಕದಲ್ಲೇ ಕೂತಂತಿರುತ್ತಾರೆ. ಇನ್ನು ತೆಗುಸಿಗಾಲ್ಪಾದ ರಾಷ್ಟ್ರೀಯ ಕ್ರೀಡಾಂಗಣವನ್ನು ಬದ್ಧವೈರಿಗಳಾದ ಒಲಿಂಪಿಯಾ, ಮೊಟಾಗ್ವಾ ಇಬ್ಬರೂ ಹಂಚಿಕೊಂಡಿದ್ದಾರೆ. 1982ರ ವಿಶ್ವಕಪ್‌ಗೆ ಹೊಂಡುರಾಸನ್ನು ಕರೆದೊಯ್ದ ಕೋಚ್ ‘ಚೆಲಾತೊ’ ಉಕ್ಲೆಸ್ ಅವರ ಹೆಸರು ಈಗ ಅದಕ್ಕಿದೆ. ಹೊರಗೆ ಬಲೆಯಾದಾ ಮಾರುವವರು. ಮೈದಾಹಿಟ್ಟಿನ ದಪ್ಪ ರೊಟ್ಟಿ, ಒಳಗೆ ಅರೆದ ಕೆಂಪು ಹುರುಳಿಕಾಯಿ ಬೀಜ, ಚೀಸು, ಕೆನೆ. ಮಡಚಿ ಕೈಗಿಟ್ಟರೆ ಅದೇ ಊಟ. ಒಳಗೆ ‘ಉಲ್ತ್ರಾ ಫಿಯೆಲ್’ ಎಂಬ ಒಲಿಂಪಿಯಾ ಅಭಿಮಾನಿಗಳ ಪಡೆಯ ಡೋಲಿನ ಸದ್ದು ತೊಂಬತ್ತು ನಿಮಿಷವೂ ನಿಲ್ಲುವುದಿಲ್ಲ. ಸಾಲದ್ದಕ್ಕೆ ಟೂರ್ನಿ ನಡೆಯುವುದೇ ಮಳೆಗಾಲದಲ್ಲಿ. ಮೊದಲ ಪಂದ್ಯವನ್ನು ತವರಲ್ಲಿ 1-0ರಿಂದ ಗೆದ್ದ ಕೋಚ್ ನೆಮ್ಮದಿಯಾಗಿ ನಿದ್ದೆ ಮಾಡುವುದಿಲ್ಲ.

ಈ ಲೀಗ್‌ನ ಆರು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಕಾಡುವ ಕಥೆ ಗೆದ್ದವರದ್ದಲ್ಲ, ಮೊಟಾಗ್ವಾದ್ದು. 1928ರಲ್ಲಿ ಹುಟ್ಟಿದ, ನೀಲಿ ಹದ್ದುಗಳು ಎನ್ನಿಸಿಕೊಂಡ ಕ್ಲಬ್ಬು. 2018ರ ಫೈನಲ್‌ನಲ್ಲಿ ಕೋಸ್ಟರಿಕಾದ ಎರೆಡಿಯಾನೊ ಎದುರು ಹೊರಗೆ 0-2ರಿಂದ ಸೋತು ಬಂದು, ತವರಲ್ಲಿ 2-1ರಿಂದ ಗೆದ್ದಿತು. ಒಂದು ಗೋಲು ಕಡಿಮೆ ಬಿತ್ತು. 2019ರಲ್ಲಿ ಮತ್ತೆ ಫೈನಲ್. ಆ ವರ್ಷದ ಆಗಸ್ಟ್‌ನಲ್ಲಷ್ಟೇ ದೇಶಿ ಲೀಗ್‌ನಲ್ಲಿ ಒಲಿಂಪಿಯಾ ಜೊತೆ ಆಡಲು ಹೊರಟಿದ್ದ ಮೊಟಾಗ್ವಾದ ಬಸ್ಸಿನ ಮೇಲೆ ಕಲ್ಲು ಬಿದ್ದು, ಆಟಗಾರರಿಗೆ ಗಾಯವಾಗಿ, ಕ್ರೀಡಾಂಗಣದ ಹೊರಗಿನ ಗಲಭೆಯಲ್ಲಿ ಜೀವಗಳೇ ಹೋಗಿದ್ದವು. ಅದನ್ನೆಲ್ಲ ದಾಟಿ ನವೆಂಬರ್‌ನ ಫೈನಲ್ ತಲುಪಿದ ತಂಡ ಸಪ್ರಿಸ್ಸಾ ಎದುರು ಸಾನ್ ಹೊಸೆಯಲ್ಲಿ 0-1, ತೆಗುಸಿಗಾಲ್ಪಾದಲ್ಲಿ 0-0. ಮತ್ತದೇ ಒಂದು ಗೋಲು. 2021ರಲ್ಲಿ ಮೂರನೇ ಫೈನಲ್. ಈ ಸಲ ಗ್ವಾಟೆಮಾಲಾದ ಕೊಮುನಿಕಾಸಿಯೊನೆಸ್ ಒಟ್ಟು 6-3ರಿಂದ ಮುಗಿಸಿಬಿಟ್ಟಿತು. ಈ ಲೀಗ್ ಗೆದ್ದ ಏಕೈಕ ಗ್ವಾಟೆಮಾಲಾ ಕ್ಲಬ್ಬು ಅದು. ಮೊಟಾಗ್ವಾ ಎಂಬ ನದಿ ಹರಿಯುವುದೂ ಬಹುಪಾಲು ಗ್ವಾಟೆಮಾಲಾದಲ್ಲೇ. ಕಪ್ಪೂ ಅದೇ ದಾರಿ ಹಿಡಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದು ಒಮ್ಮೆ ಆದರೆ ಅದೃಷ್ಟ ಅನ್ನಬಹುದು, ಮೂರು ಸಲ ಆದರೆ ಏನನ್ನಬೇಕೋ ತಿಳಿಯದು.

ಅದೇ 2021ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಒಂದು ದಿನದ ಮಟ್ಟಿಗೆ ಈ ಟೂರ್ನಿಯತ್ತ ತಿರುಗಿದವು. ಕಾರಣ ಫುಟ್‌ಬಾಲ್ ಅಲ್ಲ. ಸುರಿನಾಮ್ ದೇಶದ ಇಂಟರ್ ಮೊಎಂಗೊತಾಪೊ ಎಂಬ ಕ್ಲಬ್ಬಿನ ಮಾಲೀಕ ರೋನಿ ಬ್ರೂನ್ಸ್‌ವೈಕ್. ಒಂದು ಕಾಲದ ಬಂಡುಕೋರ ನಾಯಕ, ಆಗ ದೇಶದ ಉಪಾಧ್ಯಕ್ಷ. ವಯಸ್ಸು 60. ಸೆಪ್ಟೆಂಬರ್ 21ರಂದು ಒಲಿಂಪಿಯಾ ವಿರುದ್ಧದ ಪಂದ್ಯದಲ್ಲಿ ಈ ಮಹಾಶಯ 61 ನಂಬರಿನ ಅಂಗಿ ತೊಟ್ಟು ತಾನೇ ಕಣಕ್ಕಿಳಿದುಬಿಟ್ಟ! ಜೊತೆಗೆ ಮಗನೂ ತಂಡದಲ್ಲಿ. ಐವತ್ತು ಚಿಲ್ಲರೆ ನಿಮಿಷ ಆಡಿದ. ತಂಡ 0-6ರಿಂದ ಸೋತಿತು. ಅಲ್ಲಿಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಪಂದ್ಯದ ಬಳಿಕ ಎದುರಾಳಿಗಳ ಡ್ರೆಸ್ಸಿಂಗ್ ರೂಮಿಗೆ ಹೋಗಿ ಆಟಗಾರರ ಕೈಗೆ ನೋಟು ಕೊಡುತ್ತಿದ್ದ ವಿಡಿಯೊ ಹೊರಬಿತ್ತು. ಕಾನ್‌ಕಕಾಫ್ ಎರಡೂ ತಂಡಗಳನ್ನು ಟೂರ್ನಿಯಿಂದ ಹೊರಹಾಕಿ, ಉಪಾಧ್ಯಕ್ಷರಿಗೆ ಮೂರು ವರ್ಷ ನಿಷೇಧ ಹೇರಿತು. ಆರು ಗೋಲಿನಿಂದ ಗೆದ್ದೂ ಹೊರಬಿದ್ದ ಒಲಿಂಪಿಯಾ ಮರುವರ್ಷ ಬಂದು ಕಪ್ಪನ್ನೇ ಎತ್ತಿಕೊಂಡು ಹೋಯಿತು. 2017ರ ಮೊದಲ ಕಪ್ಪೂ ಅದರದ್ದೇ. 1912ರಲ್ಲಿ ಬೇಸ್‌ಬಾಲ್ ಕ್ಲಬ್ಬಾಗಿ ಹುಟ್ಟಿದ ಒಲಿಂಪಿಯಾ, ಕಾನ್‌ಕಕಾಫ್ ಚಾಂಪಿಯನ್ ಪಟ್ಟವನ್ನೂ 1972 ಮತ್ತು 1988ರಲ್ಲಿ ಗೆದ್ದ ತಂಡ.

2022ಕ್ಕೆ ಆ ಲೀಗೂ ಮುಗಿಯಿತು. ಚಾಂಪಿಯನ್ಸ್ ಲೀಗನ್ನು ಚಾಂಪಿಯನ್ಸ್ ಕಪ್ ಎಂದು ಕರೆದು 27 ತಂಡಗಳಿಗೆ ಹಿಗ್ಗಿಸಿದ ಕಾನ್‌ಕಕಾಫ್, ಕೆರಿಬಿಯನ್‌ಗೆ ಒಂದು, ಮಧ್ಯ ಅಮೆರಿಕಕ್ಕೆ ಒಂದು ಎಂದು ಕಪ್ಪುಗಳನ್ನು ಬೇರೆ ಮಾಡಿತು. 2023ರಲ್ಲಿ ಶುರುವಾದ ಮಧ್ಯ ಅಮೆರಿಕ ಕಪ್‌ನಲ್ಲಿ 20 ಕ್ಲಬ್ಬುಗಳು. ಐದೈದರ ನಾಲ್ಕು ಗುಂಪು. ಪ್ರತಿ ತಂಡಕ್ಕೆ ತವರಲ್ಲಿ ಎರಡು, ಹೊರಗೆ ಎರಡು ಪಂದ್ಯ. ಗುಂಪಿನ ಮೊದಲಿಬ್ಬರು ಕ್ವಾರ್ಟರ್‌ಫೈನಲ್‌ಗೆ, ಅಲ್ಲಿಂದ ಡಿಸೆಂಬರ್‌ವರೆಗೆ ಹಳೆಯ ಎರಡು ಪಂದ್ಯಗಳ ನಾಕೌಟ್. ಗೆದ್ದವರಿಗೆ ಚಾಂಪಿಯನ್ಸ್ ಕಪ್‌ನ ಹದಿನಾರರ ಸುತ್ತಿಗೆ ನೇರ ಪ್ರವೇಶ. ಫೈನಲ್ ಸೋತವರು, ಸೆಮಿಫೈನಲ್ ಸೋತವರು ಮೊದಲ ಸುತ್ತಿನಿಂದ ಆಡಬೇಕು. ಕ್ವಾರ್ಟರ್‌ಫೈನಲ್ ಸೋತ ನಾಲ್ವರೂ ತಮ್ಮೊಳಗೆ ಮತ್ತೆ ಆಡಿ ಇಬ್ಬರನ್ನು ಕಳಿಸುತ್ತಾರೆ. ಒಟ್ಟು ಆರು ಚೀಟಿ. ಎಸ್ತೆಲಿಗೆ ಅಮೆರಿಕಾ ಜೊತೆ ಆಡುವ ಭಾಗ್ಯ ಬಂದದ್ದು ಹೀಗೆ: 2023ರ ಫೈನಲ್‌ನಲ್ಲಿ ಸೋತಿದ್ದರಿಂದ!

ಗುಂಪು ಹಂತ ಬಂದದ್ದು ನನಗೆ ಅಷ್ಟು ಹಿಡಿಸಿಲ್ಲ. ಕ್ಲಬ್ಬುಗಳಿಗೆ ಕನಿಷ್ಠ ನಾಲ್ಕು ಪಂದ್ಯ ಖಾತರಿ, ಟಿಕೆಟ್ ದುಡ್ಡು ಖಾತರಿ ಎಂಬ ಲೆಕ್ಕಾಚಾರ ಸರಿಯಾದದ್ದೇ. ಬೆಲೀಜ್‌ನ ಪುಟ್ಟ ಕ್ಲಬ್ಬಿಗೆ ಒಂದೇ ಸೋಲಿಗಾಗಿ ಅಷ್ಟು ದೂರ ಹೋಗಿಬರುವುದು ದುಬಾರಿ. ಆದರೆ ನಾಲ್ಕು ಪಂದ್ಯ ಗ್ಯಾರಂಟಿ ಎಂದಾಗ ಮೊದಲೆರಡರಲ್ಲಿ ಆಟಗಾರರ ಕಾಲು ಸ್ವಲ್ಪ ಭಾರವಾಗುತ್ತದೆ. ಹಳೆಯ ಲೀಗ್‌ನಲ್ಲಿ ಆ ಐಷಾರಾಮ ಇರಲಿಲ್ಲ.

ಹೊಸ ಕಪ್‌ನ ಮೊದಲೆರಡು ಆವೃತ್ತಿಗಳ ಫೈನಲ್‌ನಲ್ಲೂ ಅದೇ ಜೋಡಿ: ಕೋಸ್ಟರಿಕಾದ ಅಲಾಹುವೆಲೆನ್ಸೆ ಮತ್ತು ರಿಯಲ್ ಎಸ್ತೆಲಿ. ಎರಡು ಸಲವೂ ಗೆದ್ದದ್ದು ಅಲಾಹುವೆಲೆನ್ಸೆ. 1919ರಲ್ಲಿ ಸ್ಥಾಪನೆಯಾದ, ಕೆಂಪು-ಕಪ್ಪು ಪಟ್ಟೆಯ ಈ ತಂಡವನ್ನು ಊರವರು ‘ಲಾ ಲೀಗಾ’ ಅಂತಲೇ ಕರೆಯುವುದು. ಅದರ ಕ್ರೀಡಾಂಗಣಕ್ಕೆ ಅಲೆಹಾಂದ್ರೊ ಮೊರೆರಾ ಸೊತೊ ಹೆಸರಿದೆ. 1930ರ ದಶಕದಲ್ಲೇ ಅಲಾಹುವೆಲಾದಿಂದ ಹೊರಟು ಬಾರ್ಸಿಲೋನಾ ತಂಡದಲ್ಲಿ ಆಡಿ ಬಂದ ಆಟಗಾರ. ಸಪ್ರಿಸ್ಸಾ ಜೊತೆಗಿನ ಅದರ ಹಗೆತನ ಕೋಸ್ಟರಿಕಾದ ಮನೆಮನೆಯನ್ನೂ ಇಬ್ಭಾಗ ಮಾಡಿದೆ. ಕೊರೊನಾ ಕಾಲದಲ್ಲಿ, 2021ರ ಫೆಬ್ರುವರಿ 3ರಂದು, ಕಾನ್‌ಕಕಾಫ್ ಲೀಗ್‌ನ ಫೈನಲ್ ಈ ಇಬ್ಬರ ನಡುವೆಯೇ ನಡೆಯಿತು. ಎರಡು ಪಂದ್ಯದ ಬದಲು ಒಂದೇ ಪಂದ್ಯ. ಅಲಾಹುವೆಲೆನ್ಸೆ 3, ಸಪ್ರಿಸ್ಸಾ 2. ದೇಶದ ಅತಿ ದೊಡ್ಡ ಜಿದ್ದಿನ ಪಂದ್ಯ, ಗ್ಯಾಲರಿಯಲ್ಲಿ ನರಪಿಳ್ಳೆಯಿಲ್ಲ.

ಅಲಾಹುವೆಲೆನ್ಸೆಯ ಅಂಗಿ ತೊಟ್ಟವರನ್ನು ಭಾರತವೂ ಕಂಡಿದೆ. ಕಾರ್ಲೋಸ್ ಹೆರ್ನಾಂದೆಸ್ 2012ರಲ್ಲಿ ಕೋಲ್ಕತ್ತದ ಪ್ರಯಾಗ್ ಯುನೈಟೆಡ್‌ಗೆ ಬಂದರೆ, ಡಿಫೆಂಡರ್ ಜಾನಿ ಅಕೋಸ್ಟಾ 2018ರ ವಿಶ್ವಕಪ್ ಮುಗಿಸಿ ಈಸ್ಟ್ ಬೆಂಗಾಲ್ ಸೇರಿದರು. ರಷ್ಯಾದಲ್ಲಿ ನೇಮಾರ್ ಎದುರು ಆಡಿದವನು ಕೆಲವೇ ವಾರಗಳಲ್ಲಿ ಐ-ಲೀಗ್ ತಂಡದ ಜೊತೆಗಿದ್ದ.

ದೊಡ್ಡ ಕಪ್ ಮಾತ್ರ ಇವರ ಪಾಲಿಗೆ ಇನ್ನೂ ದೂರ. ಮಧ್ಯ ಅಮೆರಿಕದ ಕ್ಲಬ್ಬೊಂದು ಕಾನ್‌ಕಕಾಫ್ ಚಾಂಪಿಯನ್ ಆದದ್ದು ಕೊನೆಯದಾಗಿ 2005ರಲ್ಲಿ. ಅಂದು ಮೆಕ್ಸಿಕೊದ ಪೂಮಾಸ್ ತಂಡವನ್ನು ಸೋಲಿಸಿದ ಸಪ್ರಿಸ್ಸಾ, ಅದೇ ಡಿಸೆಂಬರ್‌ನಲ್ಲಿ ಜಪಾನಿಗೆ ಹೋಗಿ ಕ್ಲಬ್ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಆಮೇಲಿನ ಎರಡು ದಶಕಗಳಲ್ಲಿ 2022ರಲ್ಲಿ ಗೆದ್ದ ಅಮೆರಿಕದ ಸಿಯಾಟಲ್ ತಂಡವೊಂದನ್ನು ಬಿಟ್ಟರೆ ಕಪ್ ಮೆಕ್ಸಿಕೊ ಬಿಟ್ಟು ಕದಲಿಲ್ಲ. ದುಡ್ಡಿನ ಅಂತರ ನೋಡಿದರೆ ಅದು ಸದ್ಯಕ್ಕೆ ಬದಲಾಗುವಂತೆಯೂ ಕಾಣುವುದಿಲ್ಲ.

ಹಾಗಾಗಿ ಮಧ್ಯ ಅಮೆರಿಕದ ಫುಟ್‌ಬಾಲ್ ನೋಡಬೇಕೆಂದಿದ್ದರೆ ಮೆಕ್ಸಿಕೊ ಎದುರಿನ ಪಂದ್ಯ ಕಾಯಬೇಡಿ, ಈ ಕಪ್ಪನ್ನೇ ನೋಡಿ. ಪಂದ್ಯಗಳು ಅಲ್ಲಿ ರಾತ್ರಿ ನಡೆಯುವುದರಿಂದ ನಮ್ಮಲ್ಲಿ ಬೆಳಗಿನ ಹೊತ್ತು, ನಿದ್ದೆಗೆಡುವ ಪ್ರಶ್ನೆಯಿಲ್ಲ. ಗುಂಪು ಹಂತ ಬಿಟ್ಟರೂ ಅಡ್ಡಿಯಿಲ್ಲ, ಸೆಮಿಫೈನಲ್‌ನ ಎರಡನೇ ಪಂದ್ಯ ಮಾತ್ರ ತಪ್ಪಿಸಿಕೊಳ್ಳಬೇಡಿ. ಅದೂ ತೆಗುಸಿಗಾಲ್ಪಾದಲ್ಲಿದ್ದರೆ ಇನ್ನೂ ಒಳ್ಳೆಯದು.