ಹಿಡಿತದ ಗುಟ್ಟು ಮಣಿಕಟ್ಟಿನಲ್ಲಿದೆ

ಓದುವುದನ್ನು ಒಂದು ನಿಮಿಷ ನಿಲ್ಲಿಸಿ. ಮೊಣಕೈಯನ್ನು ಮೇಜಿನ ಮೇಲೆ ಊರಿ, ಬೆರಳುಗಳನ್ನು ಪೂರ್ತಿ ಸಡಿಲ ಬಿಡಿ. ಮಣಿಕಟ್ಟನ್ನು ಮುಂದಕ್ಕೆ ಜೋತುಬಿಟ್ಟರೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅದೇ ಮಣಿಕಟ್ಟನ್ನು ನಿಧಾನವಾಗಿ ಹಿಂದಕ್ಕೆ ಎತ್ತಿದರೆ ಬೆರಳುಗಳು ಒಳಕ್ಕೆ ಮಡಚಿಕೊಂಡು, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬರುತ್ತದೆ. ಬೆರಳಿಗೆ ನೀವು ಏನನ್ನೂ ಹೇಳಲಿಲ್ಲ, ಆದರೂ ಹಿಡಿತ ಬಂತು!

ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಓದುತ್ತಿರುವ ನನಗೆ ಇದು ಸೈಕಲ್ಲಿನ ಬ್ರೇಕ್ ಕೇಬಲ್‌ನಂತೆ ಕಾಣುತ್ತದೆ. ಬೆರಳು ಮಡಚುವ ಮುಖ್ಯ ಸ್ನಾಯುಗಳು ಇರುವುದು ಮೊಣಕೈ ಮತ್ತು ಮಣಿಕಟ್ಟಿನ ನಡುವೆ. ಅವುಗಳ ರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟು ಹಿಂದಕ್ಕೆ ಬಾಗಿದಾಗ ರಜ್ಜು ಬಿಗಿಯಾಗಿ ಬೆರಳು ಮಡಚುತ್ತದೆ. ವೈದ್ಯಭಾಷೆಯಲ್ಲಿ ಇದು ಟೆನೋಡೆಸಿಸ್. ನಮಗೆ ಇದೊಂದು ಆಟ. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಅನೇಕರಿಗೆ ಇದೇ ಊಟ, ಇದೇ ಬರಹ, ಇದೇ ಮೊಬೈಲ್.

ಒಂದು ಮೆಟ್ಟಿಲಿನ ಅಂತರ

ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನ ಬೆನ್ನುಹುರಿ ಗಾಯದೊಂದಿಗೆ ಬದುಕುತ್ತಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೈಕ್ ಅಪಘಾತ, ಕಟ್ಟಡದಿಂದಲೋ ಮರದಿಂದಲೋ ಬೀಳುವುದು, ಆಳ ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಧುಮುಕುವುದು ಇದಕ್ಕೆ ಕಾರಣಗಳು. ನಮ್ಮ ವಯಸ್ಸಿನವರಿಗೆ ಇವು ಯಾವುವೂ ದೂರದ ಮಾತಲ್ಲ.

ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಕೆಲಸವನ್ನು ಹಂಚಿಕೊಂಡಿವೆ. ಸಿ5 ಮಟ್ಟದ ನರ ಮೊಣಕೈ ಮಡಚಲು, ಸಿ6 ಮಣಿಕಟ್ಟು ಎತ್ತಲು, ಸಿ7 ಮೊಣಕೈ ನೀಡಲು, ಸಿ8 ಬೆರಳು ಮಡಚಲು ಮುಖ್ಯ. ಬೆನ್ನುಹುರಿ ಪೂರ್ತಿ ಘಾಸಿಗೊಂಡರೆ ಆ ಮಟ್ಟದಿಂದ ಕೆಳಗಿನದೆಲ್ಲ ಕೈಕೊಡುತ್ತದೆ. ಸಿ5 ಮಾತ್ರ ಉಳಿದವರು ಕೈಯನ್ನು ಬಾಯಿಯವರೆಗೆ ತರಬಲ್ಲರು, ಆದರೆ ಚಮಚ ಹಿಡಿಯಲಾರರು. ಸಿ6 ಉಳಿದರೆ ಟೆನೋಡೆಸಿಸ್ ಹಿಡಿತ ಸಿಗುತ್ತದೆ. ಸಿ7 ಉಳಿದರೆ ಅಂಗೈ ಊರಿ, ಮೈಯನ್ನು ಎತ್ತಿ, ಹಾಸಿಗೆಯಿಂದ ಗಾಲಿಕುರ್ಚಿಗೆ ತಾವೇ ಜರುಗಬಹುದು. ಆಗಾಗ ಹೀಗೆ ಮೈ ಎತ್ತಿದರೆ ಒತ್ತಡದ ಹುಣ್ಣಿನ ಭಯವೂ ಕಡಿಮೆ. ಒಂದೇ ಒಂದು ಮೆಟ್ಟಿಲು, ಬದುಕೇ ಬೇರೆ!

ಸ್ನಾಯುವಿನ ಬಲಕ್ಕೆ ವೈದ್ಯರು 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. 2 ಎಂದರೆ ಗುರುತ್ವಾಕರ್ಷಣೆಯ ಹೊರೆ ಇಲ್ಲದಿದ್ದಾಗ ಮಾತ್ರ ಚಲನೆ. 3 ಎಂದರೆ ಅದರ ವಿರುದ್ಧವೂ ಎತ್ತಬಲ್ಲ ಶಕ್ತಿ. ಒಂದು ಅಂಕಕ್ಕೆ ಮರುಮೌಲ್ಯಮಾಪನದ ಅರ್ಜಿ ಹಾಕುವ ನಮಗೆ ಆ ಒಂದು ಅಂಕದ ಬೆಲೆ ಅರ್ಥವಾಗಬೇಕು. ಹಾಗೆಂದು ಬಲ ಒಂದೇ ಸಾಲದು. ಇರುವಷ್ಟು ಬಲ ಯಾವ ಕೆಲಸಕ್ಕೆ ಬಂತು ಎಂಬುದು ಮುಖ್ಯ. ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿ ವ್ಯಾಯಾಮ ಮಾಡಿಸಬೇಡಿ ಎಂದು ಫಿಸಿಯೋಥೆರಪಿಸ್ಟ್‌ಗಳು ಮನೆಯವರಿಗೆ ಹೇಳುವುದು ಇದಕ್ಕೇ. ರಜ್ಜು ಸಡಿಲವಾದರೆ ಇದ್ದ ಹಿಡಿತವೂ ಹೋಗುತ್ತದೆ.

ಉಳಿದದ್ದನ್ನು ದುಡಿಸಿಕೊಳ್ಳುವ ಜಾಣ್ಮೆ

ಸ್ವೀಡನ್ನಿನ ಶಸ್ತ್ರಚಿಕಿತ್ಸಕ ಎರಿಕ್ ಮೊಬೆರ್ಗ್ 1975ರಲ್ಲಿ ಪ್ರಕಟಿಸಿದ ವಿಧಾನ ಎಂಜಿನಿಯರ್‌ಗಳೂ ಮೆಚ್ಚುವಂಥದ್ದು. ಭುಜದ ಸ್ನಾಯುವಿನ ಹಿಂಭಾಗವನ್ನು ಮೊಣಕೈ ನೀಡುವ ಟ್ರೈಸೆಪ್ಸ್‌ಗೆ ಜೋಡಿಸಿದರೆ, ಭುಜದ ಬಲದಿಂದ ಮೊಣಕೈ ನೆಟ್ಟಗಾಗುತ್ತದೆ. 2024ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಕುತ್ತಿಗೆಯ ಚರ್ಮದ ಮೇಲಿಂದಲೇ ವಿದ್ಯುತ್ ಪ್ರಚೋದನೆ ಕೊಟ್ಟು ವ್ಯಾಯಾಮ ಮಾಡಿಸಲಾಯಿತು. 60 ಮಂದಿಯಲ್ಲಿ ಶೇ 72ರಷ್ಟು ಜನರ ಕೈಯ ಬಲ ಮತ್ತು ಬಳಕೆ ಎರಡೂ ಸುಧಾರಿಸಿದವು. ಗಾಯವಾಗಿ ಹಲವು ವರ್ಷ ಕಳೆದವರೂ ಅವರಲ್ಲಿದ್ದರು.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ನೆನಪಿದೆಯೇ? ಎಫ್51 ವರ್ಗದ ಕ್ಲಬ್ ಎಸೆತದಲ್ಲಿ ಹರಿಯಾಣದ ಧರಮ್‌ಬೀರ್ 34.92 ಮೀಟರ್ ಎಸೆದು ಚಿನ್ನ ಗೆದ್ದರು, ಪ್ರಣವ್ ಸೂರ್ಮಾ 34.59 ಮೀಟರ್‌ನೊಂದಿಗೆ ಬೆಳ್ಳಿ. ಕಾಲುವೆಗೆ ಧುಮುಕಿದಾಗ ಧರಮ್‌ಬೀರ್ ಕುತ್ತಿಗೆಗೆ ಪೆಟ್ಟಾಗಿತ್ತು. ಈ ವರ್ಗದಲ್ಲಿ ಆಡುವವರ ಬೆರಳುಗಳಿಗೆ ಹಿಡಿತ ತೀರಾ ಕಡಿಮೆ. ಕ್ಲಬ್ ಜಾರದಂತೆ ಅಂಟು ಹಚ್ಚಿಕೊಂಡು, ಭುಜದ ಬಲದಿಂದ ಎಸೆಯುತ್ತಾರೆ.

ನಮ್ಮ ಬೆಂಗಳೂರಿನ ಪೂರ್ವ ಭಾಗದಲ್ಲೇ, ಲಿಂಗರಾಜಪುರದಲ್ಲಿ, ‘ದಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ’ ಇದೆ. ಸ್ವತಃ ಪೋಲಿಯೊದಿಂದ ಬಾಧಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಸಂಸ್ಥೆ ಅದು. ಬೆನ್ನುಹುರಿಗೆ ಗಾಯವಾದವರ ಪುನಶ್ಚೇತನವೂ ಅದರ ಕೆಲಸಗಳಲ್ಲೊಂದು. ನಿಮ್ಹಾನ್ಸ್‌ನಲ್ಲೂ ನರರೋಗ ಪುನಶ್ಚೇತನಕ್ಕೆಂದೇ ವಿಭಾಗವಿದೆ.

ನಮ್ಮ ಪಾಲಿನ ಕೆಲಸ

ಇದನ್ನೆಲ್ಲ ಓದಿದ ಮೇಲೆ ನಮ್ಮ ಗರುಡಾಚಾರ್‌ಪಾಳ್ಯವನ್ನು ನಾನು ನೋಡುವ ರೀತಿಯೇ ಬದಲಾಗಿದೆ. 2023ರ ಮಾರ್ಚ್‌ನಲ್ಲಿ ಇಲ್ಲಿಗೆ ಮೆಟ್ರೊ ಬಂತು. ಟೋಕನ್ ಕೊಂಡರೆ ಇಳಿದ ನಿಲ್ದಾಣದಲ್ಲಿ ಅದನ್ನು ಎರಡು ಬೆರಳಲ್ಲಿ ಹಿಡಿದು ಸಣ್ಣ ಕಂಡಿಗೆ ಹಾಕಬೇಕು. ಸ್ಮಾರ್ಟ್‌ಕಾರ್ಡ್ ಆದರೆ ಅಂಗೈ ಪಟ್ಟಿಗೆ ಸಿಕ್ಕಿಸಿ ತಾಗಿಸಿದರೂ ಸಾಕು. ಪಿ.ಜಿ. ಕೋಣೆಯ ಬಾಗಿಲಿಗೆ ಗುಂಡು ಹಿಡಿಕೆ ಇದ್ದರೆ ತಿರುಗಿಸಲು ಬೆರಳು ಬೇಕು. ಉದ್ದ ಹಿಡಿಕೆಯಾದರೆ ಮೊಣಕೈಯಿಂದ ಒತ್ತಿದರೂ ಬಾಗಿಲು ತೆರೆಯುತ್ತದೆ. ಖರ್ಚಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ, ಯೋಚನೆಯಲ್ಲಿ ಮಾತ್ರ ಇದೆ.

ಫೈನಲ್ ಇಯರ್ ಪ್ರಾಜೆಕ್ಟ್ ಎಂದಕೂಡಲೇ ನಾವೆಲ್ಲ ಸೆನ್ಸರ್, ಮೋಟರ್, ರೋಬೊ ಕೈ ಎಂದು ಓಡುತ್ತೇವೆ. ಅವೂ ಬೇಕು, ಐಐಟಿ ಮದ್ರಾಸ್ ಮತ್ತು ವೆಲ್ಲೂರಿನ ಸಿಎಂಸಿ ಸೇರಿ ಕೈಗಳ ವ್ಯಾಯಾಮಕ್ಕೆಂದು ‘ಪ್ಲೂಟೊ’ ಎಂಬ ರೋಬೊ ರೂಪಿಸಿವೆ. ಆದರೆ ಅಂಗೈಗೆ ಸುತ್ತುವ ವೆಲ್ಕ್ರೊ ಪಟ್ಟಿ, ಅದರಲ್ಲಿ ಚಮಚವನ್ನೋ ಪೆನ್ನನ್ನೋ ಸಿಕ್ಕಿಸುವ ಪುಟ್ಟ ಜೇಬು — ಇಷ್ಟೇ ಇರುವ ‘ಯುನಿವರ್ಸಲ್ ಕಫ್’ ಒಬ್ಬರ ಊಟವನ್ನು ಅವರ ಕೈಗೇ ಮರಳಿಸುತ್ತದೆ. ಮುಂದಿನ ವರ್ಷ ನನ್ನ ಪ್ರಾಜೆಕ್ಟ್ ಇದೇ ಜಾಡಿನಲ್ಲಿ. ಮೊದಲ ಡ್ರಾಯಿಂಗ್‌ಗೂ ಮುಂಚೆ, ಬಳಸುವವರ ಪಕ್ಕ ಕೂತು ಅವರ ಕೈಯಲ್ಲಿ ಏನು ಉಳಿದಿದೆ ಎಂದು ಕೇಳಬೇಕೆಂದಿದ್ದೇನೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಮೀಸಲಾತಿ ಕೊಟ್ಟಿದೆ. ಬರೆಯಲಾಗದವರು ಪರೀಕ್ಷೆಗೆ ಬರಹಗಾರರ ನೆರವು ಪಡೆಯಬಹುದು. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಈ ವಿಷಯ ತಿಳಿಸಿ. ಅವರ ಪರವಾಗಿ ಬರೆಯಲು ಒಂದು ಬೆಳಗಿನ ಬಿಡುವು ಮಾಡಿಕೊಳ್ಳಿ. ಉತ್ತರ ಅವರ ತಲೆಯಲ್ಲಿದೆ, ಬೇಕಿರುವುದು ಪೆನ್ನು ಹಿಡಿಯುವ ಐದು ಬೆರಳು ಅಷ್ಟೆ.